ಹಿಮಾಲಯಕ್ಕೆ ಹೊರಡುವ ಮುನ್ನ ದಿನಗಳನ್ನು ಎಣಿಸಿ

ಅಕ್ಷಯ ತದಿಗೆಯ ಹೊತ್ತಿಗೆ ಯಮುನೋತ್ರಿ, ಗಂಗೋತ್ರಿಗಳ ಬಾಗಿಲು ತೆರೆಯುತ್ತದೆ. ಅದರ ಬೆನ್ನಿಗೇ ಕೇದಾರ, ಬದರಿ. ಆದರೆ ನಮ್ಮ ಊರುಗಳಲ್ಲಿ ಯಾತ್ರೆಯ ಮಾತು ಅದಕ್ಕೂ ಎರಡು ಮೂರು ತಿಂಗಳು ಮೊದಲೇ ಶುರುವಾಗಿರುತ್ತದೆ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಂಥ ಕ್ಷೇತ್ರದ ಸುತ್ತಮುತ್ತಲಿನವರಿಗಂತೂ ಈ ಆಸೆ ತೀರಾ ಸಹಜ. ಅಲ್ಲಿನ ಕೊಳದಲ್ಲಿ ಗಂಗೆಯೇ ನೆಲೆಸಿದ್ದಾಳೆ ಎಂಬುದು ಭಕ್ತರ ನಂಬಿಕೆ. ಕೊಳದ ದಡದಲ್ಲಿ ಕುಳಿತು, ನೀರಿನಿಂದ ತೇಲಿ ಬರುವ ಪ್ರಸಾದಕ್ಕಾಗಿ ಅವರು ಭಕ್ತಿಯಿಂದ ಕಾಯುತ್ತಾರೆ. ಗಂಗೆಯ ಹೆಸರನ್ನು ಮನೆಯ ಹತ್ತಿರವೇ ಕೇಳಿ ಬೆಳೆದವರಿಗೆ, ಆ ಗಂಗೆ ಹುಟ್ಟುವ ಹಿಮಾಲಯವನ್ನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಬೇಕು ಎನಿಸುವುದರಲ್ಲಿ ಆಶ್ಚರ್ಯವೇನಿದೆ?

ಕೊಬ್ಬರಿ ಮಾರಿದ ದುಡ್ಡನ್ನೋ, ನಿವೃತ್ತಿಯ ಹಣವನ್ನೋ ಜೋಪಾನವಾಗಿಟ್ಟು, ಮಕ್ಕಳ ಮದುವೆ ಮುಗಿಸಿ, ಅರವತ್ತು ದಾಟಿದ ಮೇಲೆ ಹೊರಡುವವರೇ ಹೆಚ್ಚು. ಸ್ವೆಟರ್, ಕಂಬಳಿ, ಚಟ್ನಿಪುಡಿ, ಅವಲಕ್ಕಿ ಎಲ್ಲವನ್ನೂ ಲೆಕ್ಕ ಹಾಕಿ ಕಟ್ಟಿಕೊಳ್ಳುತ್ತಾರೆ. ಒಂದನ್ನು ಮಾತ್ರ ಲೆಕ್ಕ ಹಾಕುವುದಿಲ್ಲ. ಎಷ್ಟು ದಿನದಲ್ಲಿ ಎಷ್ಟು ಎತ್ತರ ಏರುತ್ತೇವೆ ಎಂಬುದನ್ನು. ಹಿಮಾಲಯದಲ್ಲಿ ನಿಮ್ಮ ಆರೋಗ್ಯವನ್ನು ಕಾಯುವುದು ಮುಖ್ಯವಾಗಿ ಈ ಲೆಕ್ಕವೇ.

ಗಾಳಿ ಅದೇ, ಒತ್ತಡ ಕಡಿಮೆ

'ಅಲ್ಲಿ ಆಮ್ಲಜನಕವೇ ಇರುವುದಿಲ್ಲ' ಎಂದು ಹಲವರು ಹೇಳುವುದನ್ನು ನೀವು ಕೇಳಿರಬಹುದು. ಇದು ಪೂರ್ತಿ ನಿಜವಲ್ಲ. ಸಮುದ್ರದ ದಡದಲ್ಲಾಗಲಿ, ಕೇದಾರದಲ್ಲಾಗಲಿ, ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡ 21ರಷ್ಟೇ. ಬದಲಾಗುವುದು ಗಾಳಿಯ ಒತ್ತಡ. ಮೇಲೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ. ಒಂದು ಉಸಿರಿಗೆ ಒಳಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ.

ಹೊಸದುರ್ಗದ ಸೀಮೆ ಸಮುದ್ರಮಟ್ಟಕ್ಕಿಂತ ಏಳುನೂರು ಮೀಟರಿನ ಆಸುಪಾಸಿನಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಕೂಡ ಎರಡು ಸಾವಿರ ಮೀಟರು ಮುಟ್ಟುವುದಿಲ್ಲ. ಕೇದಾರನಾಥ ಇರುವುದು 3,583 ಮೀಟರಿನಲ್ಲಿ, ಅಮರನಾಥದ ಗುಹೆ 3,888 ಮೀಟರಿನಲ್ಲಿ, ಲೇಹ್ ಪಟ್ಟಣ ಸುಮಾರು 3,500 ಮೀಟರಿನಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಮಾನಸ ಸರೋವರ ಸುಮಾರು 4,590 ಮೀಟರಿನಲ್ಲಿದೆ. ಕೈಲಾಸ ಪ್ರದಕ್ಷಿಣೆಯಲ್ಲಿ ದಾಟಬೇಕಾದ ಡೋಲ್ಮಾ ಕಣಿವೆ 5,600 ಮೀಟರಿಗೂ ಮೇಲೆ. ಅಲ್ಲಿ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

ನಮ್ಮ ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು. ಮೊದಲು ಉಸಿರಾಟ ಚುರುಕಾಗುತ್ತದೆ, ಹೃದಯದ ಬಡಿತ ಏರುತ್ತದೆ. ಆ ಹೆಚ್ಚಿನ ಉಸಿರಾಟಕ್ಕೆ ತಕ್ಕಂತೆ ಮೂತ್ರಪಿಂಡಗಳು ರಕ್ತದ ಕ್ಷಾರಾಂಶವನ್ನು ಹೊರಹಾಕಿ ಸಮತೂಕ ತರುತ್ತವೆ. ಮೇಲೆ ಹೋದವರಿಗೆ ಮೂತ್ರ ಹೆಚ್ಚಾಗಿ ಬರುವುದು ಇದರಿಂದಲೇ, ಗಾಬರಿಯಾಗಬೇಕಿಲ್ಲ. ವಾರಗಳು ಕಳೆದಂತೆ ಕೆಂಪು ರಕ್ತಕಣಗಳೂ ಹೆಚ್ಚುತ್ತವೆ. ಆದರೆ ಈ ಕೆಲಸಗಳಿಗೆಲ್ಲ ದಿನಗಳು ಬೇಕು. ಗಂಟೆಗಳಲ್ಲಿ ಆಗುವಂಥದ್ದಲ್ಲ.

ಗಟ್ಟಿ ಮೈಯವರಿಗೂ ರಿಯಾಯಿತಿ ಇಲ್ಲ

'ನನಗೇನಾಗುತ್ತೆ? ದಿನಾ ತೋಟದಲ್ಲಿ ದುಡಿಯೋನು ನಾನು' ಎನ್ನುವವರಿದ್ದಾರೆ. ಅವರು ಈ ಸಂಗತಿಯನ್ನು ಗಮನಿಸಬೇಕು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲು ನಾಡಿನಿಂದ ನಮ್ಮ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯದ ಗಡಿಗೆ ಏರಿಸಬೇಕಾಯಿತು. ಹಾಗೆ ಎತ್ತರಕ್ಕೆ ಹೋಗಿ ಕಾಯಿಲೆ ಬಿದ್ದ 1,925 ಸೈನಿಕರನ್ನು ಪರೀಕ್ಷಿಸಿ, ಇಂದರ್ ಸಿಂಗ್ ಮತ್ತು ಅವರ ಸಂಗಡಿಗ ವೈದ್ಯರು 1969ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ಜಗತ್ತಿನ ವೈದ್ಯರು ಓದುವಂಥದ್ದು. ಕಾಯಿಲೆ ಬಿದ್ದವರು ಮುದುಕರಲ್ಲ, ರೋಗಿಷ್ಠರಲ್ಲ. ಕವಾಯತು ಮಾಡಿ ಪಳಗಿದ ಯೋಧರು.

ಎವರೆಸ್ಟ್ ದಾರಿಯ ಫೆರಿಚೆ ಎಂಬಲ್ಲಿ ಪೀಟರ್ ಹ್ಯಾಕೆಟ್ ಮತ್ತು ಸಂಗಡಿಗರು 278 ಚಾರಣಿಗರನ್ನು ಗಮನಿಸಿ 1976ರಲ್ಲಿ ವರದಿ ಬರೆದರು. ಕಾಲ್ನಡಿಗೆಯಲ್ಲೇ ಬಂದವರಿಗಿಂತ, ವಿಮಾನದಲ್ಲಿ ಅರ್ಧ ದಾರಿ ಹಾರಿ ಬಂದವರಲ್ಲಿ ಕಾಯಿಲೆ ಹೆಚ್ಚಾಗಿತ್ತು. ಬೇಗ ಏರಿದವರಿಗೆ ಬೇಗ ಬೇನೆ, ತತ್ವ ಇಷ್ಟೇ.

ಹಾಗೆಂದು ದೇಹವನ್ನು ಪಳಗಿಸುವುದು ಬೇಡವೆಂದಲ್ಲ. ಹೊರಡುವುದಕ್ಕೆ ಆರೆಂಟು ವಾರ ಮುಂಚಿನಿಂದ ದಿನಕ್ಕೆ ನಾಲ್ಕೈದು ಕಿಲೋಮೀಟರು ನಡೆಯಿರಿ. ಆಗಾಗ ಚಿತ್ರದುರ್ಗದ ಕೋಟೆಯನ್ನು ಹತ್ತಿ ಇಳಿಯಿರಿ. ಮಂಡಿ, ಹೃದಯ, ಶ್ವಾಸಕೋಶ ಮೂರಕ್ಕೂ ಒಳ್ಳೆಯದು. ಆದರೆ ಈ ಅಭ್ಯಾಸ ದಣಿವನ್ನು ತಗ್ಗಿಸುತ್ತದೆಯೇ ಹೊರತು ಪರ್ವತದ ಬೇನೆಯನ್ನು ತಡೆಯುವುದಿಲ್ಲ. ಕಾಲು ಗಟ್ಟಿಯಿದೆ ಎಂದು ದಾಪುಗಾಲು ಹಾಕಿದ ಯುವಕನೇ ಮೊದಲು ಮಲಗುವುದುಂಟು.

ಬೇನೆಯ ಗುರುತುಗಳು

ಎತ್ತರಕ್ಕೆ ಹೋದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ. ಜೊತೆಗೆ ವಾಕರಿಕೆ, ಊಟ ಬೇಡವೆನಿಸುವುದು, ತಲೆ ಸುತ್ತು, ವಿಪರೀತ ಸುಸ್ತು. ಇದೇ ಪರ್ವತ ಬೇನೆ. ಹೆಲಿಕಾಪ್ಟರಿನಲ್ಲಿ ಕೇದಾರಕ್ಕೆ ಹೋಗಿ ದರ್ಶನ ಮಾಡಿ ಮಧ್ಯಾಹ್ನವೇ ಇಳಿದವರಿಗೆ ಏನೂ ಆಗದಿರಬಹುದು. ಹಾಗೆಯೇ ಹೋಗಿ ರಾತ್ರಿ ಅಲ್ಲೇ ಉಳಿದವರಿಗೆ ನಡುರಾತ್ರಿಯಲ್ಲಿ ತಲೆ ಸಿಡಿಯಬಹುದು. ಒಂದೇ ಜಾಗ, ಆದರೆ ಉಳಿದ ಹೊತ್ತು ಬೇರೆ. ಎತ್ತರದಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದು ಪರ್ವತ ಬೇನೆಯೇ ಎಂದು ತಿಳಿಯಿರಿ. ಒಂದು ಹೆಜ್ಜೆಯೂ ಮೇಲೆ ಹೋಗಬೇಡಿ. ವಿಶ್ರಾಂತಿ ಪಡೆದರೆ ಹೆಚ್ಚಿನವರಲ್ಲಿ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಅಪಾಯದ ರೂಪಗಳು ಎರಡು. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಸಾಮಾನ್ಯವಾಗಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ದಿನದೊಳಗೆ ಕಾಣಿಸುತ್ತದೆ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ಕೆಲವೊಮ್ಮೆ ಗುಲಾಬಿ ಬಣ್ಣದ ನೊರೆ ಕಫ. ನಡೆದಾಗ ಏದುಸಿರು ಬರುವುದು ಸಹಜ; ಸುಮ್ಮನೆ ಕೂತಾಗಲೂ ಬಂದರೆ ಅದು ಎಚ್ಚರಿಕೆ. ಎರಡು, ಮೆದುಳು ಊದಿಕೊಳ್ಳುವುದು. ಮಾತು ತೊದಲುತ್ತದೆ, ಅರೆಮರುಳಾಗುತ್ತದೆ, ನಡೆ ತಪ್ಪುತ್ತದೆ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಅದರ ಮೇಲೆ ನಡೆಸಿ ನೋಡಿ. ಕುಡಿದವರಂತೆ ತೂರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಈ ಎರಡಕ್ಕೂ ಮುಖ್ಯ ಮದ್ದು ಕೆಳಗೆ ಇಳಿಸುವುದೇ. ಕೂಡಲೇ, ಆಮ್ಲಜನಕ ಕೊಡುತ್ತ, ಯಾರಾದರೂ ಜೊತೆಗಿದ್ದು ಇಳಿಸಬೇಕು. ಮುನ್ನೂರರಿಂದ ಸಾವಿರ ಮೀಟರು ಇಳಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ರೋಗಿಯನ್ನು ನಡೆಸಬೇಡಿ, ಡೋಲಿಯಲ್ಲೋ, ಕುದುರೆಯ ಮೇಲೋ, ವಾಹನದಲ್ಲೋ ಒಯ್ಯಿರಿ.

ಯಾತ್ರೆಯ ಪಟ್ಟಿ ಹೇಗಿರಬೇಕು?

ಮೂರು ಸಾವಿರ ಮೀಟರು ದಾಟಿದ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಬೇಕು. ವೈದ್ಯರು ಹೇಳುವ ಸಾಮಾನ್ಯ ನಿಯಮ ಇದು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿಗೆ ಬಂದು ಮಲಗಿದರೆ ಇನ್ನೂ ಒಳ್ಳೆಯದು.

ಚಾರ್‌ಧಾಮ ಯಾತ್ರೆಯಲ್ಲಿ ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ಎಂಬ ಹಳೆಯ ಕ್ರಮ ದೇಹಕ್ಕೂ ಹಿತವೇ. ಹೆಚ್ಚಿನ ರಾತ್ರಿಗಳು ತಗ್ಗಿನಲ್ಲೇ ಕಳೆಯುತ್ತವೆ. ತೊಂದರೆ ಬರುವುದು ಹೆಚ್ಚಾಗಿ ಕೇದಾರದಲ್ಲಿ. ಸುಮಾರು ಎರಡು ಸಾವಿರ ಮೀಟರಿನ ಗೌರಿಕುಂಡದಿಂದ 3,583 ಮೀಟರಿಗೆ ಒಂದೇ ದಿನದಲ್ಲಿ ಏರಬೇಕು. 2013ರ ಪ್ರವಾಹದ ನಂತರದ ಹೊಸ ದಾರಿ ಸುಮಾರು 16 ಕಿಲೋಮೀಟರು. ವಯಸ್ಸಾದವರು ನಡುದಾರಿಯ ತಂಗುದಾಣದಲ್ಲಿ ಒಂದು ರಾತ್ರಿ ಉಳಿದು ಎರಡು ದಿನಕ್ಕೆ ಹಂಚಿಕೊಳ್ಳುವುದು ಒಳಿತು. ಹೆಲಿಕಾಪ್ಟರು ಕಾಲಿನ ನೋವನ್ನು ಉಳಿಸುತ್ತದೆ. ಆದರೆ ದೇಹ ಒಗ್ಗಿಕೊಳ್ಳಲು ಬೇಕಾದ ಹೊತ್ತನ್ನು ಕಸಿದುಕೊಳ್ಳುತ್ತದೆ. 2022ರ ಒಂದೇ ಯಾತ್ರಾ ಋತುವಿನಲ್ಲಿ ಈ ನಾಲ್ಕು ಧಾಮಗಳ ದಾರಿಯಲ್ಲಿ ಇನ್ನೂರಕ್ಕೂ ಹೆಚ್ಚು ಯಾತ್ರಿಕರು ಸತ್ತರು. ಹೃದಯದ ತೊಂದರೆಯಿಂದ ಸತ್ತವರೇ ಅವರಲ್ಲಿ ಹೆಚ್ಚು.

ಲಡಾಖಿಗೆ ಹೋಗುವ ಮಕ್ಕಳು ದೆಹಲಿಯಿಂದ ವಿಮಾನದಲ್ಲಿ ಒಂದೂಕಾಲು ಗಂಟೆಯಲ್ಲಿ ಲೇಹ್ ತಲುಪುತ್ತಾರೆ. ಮೊದಲ ಎರಡು ದಿನ ಅಲ್ಲೇ ವಿಶ್ರಾಂತಿ ಕಡ್ಡಾಯವೆಂದು ತಿಳಿಯಲಿ. ಮರುದಿನವೇ ಐದು ಸಾವಿರ ಮೀಟರು ದಾಟುವ ಖರ್ದುಂಗ್ ಲಾ ಕಣಿವೆಗೆ ಮೋಟಾರ್‌ಸೈಕಲ್ ಓಡಿಸುವುದು ಸಾಹಸವಲ್ಲ, ಅವಿವೇಕ. ರಸ್ತೆಯಲ್ಲಿ ಹೋಗುವವರಿಗೆ ಮನಾಲಿಗಿಂತ ಶ್ರೀನಗರ, ಕಾರ್ಗಿಲ್ ದಾರಿ ವಾಸಿ, ಏರು ನಿಧಾನ. ಮನಾಲಿಯಿಂದ ಹೊರಟವರು ಹೆಚ್ಚಾಗಿ ಮಲಗುವ ಸರ್ಚು 4,200 ಮೀಟರಿಗೂ ಮೇಲಿದೆ. ಮೊದಲ ರಾತ್ರಿಗೇ ಅದು ಹೆಚ್ಚಾಯಿತು.

ಮಾನಸ ಸರೋವರಕ್ಕೆ ಸರ್ಕಾರದ ಮೂಲಕ ಹೋಗುವವರಿಗೆ ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆ ಉಂಟು. ಎಪ್ಪತ್ತು ದಾಟಿದವರಿಗೆ ಅವಕಾಶವಿಲ್ಲ. ಐದು ವರ್ಷ ನಿಂತಿದ್ದ ಈ ಯಾತ್ರೆ 2025ರಲ್ಲಿ ಮತ್ತೆ ಆರಂಭವಾಯಿತು. ನೇಪಾಳದ ಮೂಲಕ ಖಾಸಗಿಯಾಗಿ ಹೋಗುವ ದಾರಿಯಲ್ಲಿ ಬಯಲಿನ ನೇಪಾಳ್‌ಗಂಜ್‌ನಿಂದ ಸಣ್ಣ ವಿಮಾನ, ಹೆಲಿಕಾಪ್ಟರುಗಳಲ್ಲಿ ಬಹು ಬೇಗ ಟಿಬೆಟ್ಟಿನ ಗಡಿ ಮುಟ್ಟಿಸುತ್ತಾರೆ. 2018ರ ಜುಲೈ ಮೊದಲಲ್ಲಿ ಹವೆ ಕೆಟ್ಟು ಅವು ಹಾರದೆ, ಸಿಮಿಕೋಟ್, ಹಿಲ್ಸಾಗಳಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯರು ಸಿಕ್ಕಿಬಿದ್ದರು. ಕರ್ನಾಟಕದವರೇ ಇನ್ನೂರಕ್ಕೂ ಹೆಚ್ಚು. ಆದ್ದರಿಂದ ಯಾವ ಹಿಮಾಲಯ ಯಾತ್ರೆಗಾದರೂ ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಒಂದು ವಾರದ ಮಾತ್ರೆಗಳನ್ನು ಹೆಚ್ಚಿಗೆ ಒಯ್ಯಿರಿ. ಟೂರಿನವರನ್ನು ದರ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಹೀಗಿರಲಿ: 'ಯಾವ ರಾತ್ರಿ ಯಾವ ಎತ್ತರದಲ್ಲಿ ಮಲಗಿಸುತ್ತೀರಿ? ವಿಶ್ರಾಂತಿಯ ದಿನ ಎಷ್ಟು? ಒಬ್ಬರಿಗೆ ಕಾಯಿಲೆಯಾದರೆ ಇಳಿಸಲು ಜೊತೆಗೆ ಬರುವವರು ಯಾರು?'

ವೈದ್ಯರನ್ನು ಮೊದಲೇ ಕಾಣಿ

ಹೊರಡುವ ಹಿಂದಿನ ವಾರವಲ್ಲ, ಎರಡು ತಿಂಗಳು ಮೊದಲೇ ಪರೀಕ್ಷೆ ಮಾಡಿಸಿ. ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ., ಹಿಮೋಗ್ಲೋಬಿನ್ ಇಷ್ಟಾದರೂ ಆಗಲಿ. ಹಿಮೋಗ್ಲೋಬಿನ್ ಯಾಕೆಂದರೆ, ಆಮ್ಲಜನಕವನ್ನು ಹೊರುವುದು ಅದೇ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ರಕ್ತಹೀನತೆ ಇದ್ದರೂ ಅರಿವಿಲ್ಲದೆ ಮನೆಗೆಲಸ ಸಾಗಿಸುತ್ತಿರುತ್ತಾರೆ. ಬೆಟ್ಟದ ಮೇಲೆ ಅದು ಸಾಗದು. ಕಬ್ಬಿಣದ ಮಾತ್ರೆಯಿಂದ ರಕ್ತ ಏರಲು ಒಂದೆರಡು ತಿಂಗಳು ಬೇಕೇ ಬೇಕು.

ಇತ್ತೀಚೆಗೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಹತೋಟಿಗೆ ಬಾರದ ರಕ್ತದೊತ್ತಡದವರು, ನಡೆದರೆ ಎದೆನೋವು ಬರುವವರು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರು ವೈದ್ಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಡಬಾರದು. ಬಸುರಿಯರು ಈ ಯಾತ್ರೆಯನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು. ಮಾತು ಬಾರದ ಮಗುವಿಗೆ ತಲೆನೋವು ಎಂದು ಹೇಳಲಾಗದು. ಬಿಡದ ಅಳು, ಹಾಲು ಬೇಡವೆನ್ನುವುದೇ ಅದರ ಗುರುತು.

ಸಕ್ಕರೆ ಕಾಯಿಲೆಯವರು ಸೋಮವಾರ, ಏಕಾದಶಿ ಎಂದು ಉಪವಾಸವಿದ್ದು ಮಾತ್ರೆ ನುಂಗಿ ಬೆಟ್ಟ ಹತ್ತಿದರೆ ಸಕ್ಕರೆ ಕುಸಿಯುತ್ತದೆ. ಆಗ ಬರುವ ತಲೆಸುತ್ತು, ಬೆವರು, ಗಲಿಬಿಲಿಗಳನ್ನು ಪರ್ವತ ಬೇನೆಯೆಂದು ತಪ್ಪು ತಿಳಿಯುವ ಸಂಭವವುಂಟು. ಜೇಬಿನಲ್ಲಿ ಬೆಲ್ಲ, ಗ್ಲೂಕೋಸ್ ಇರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಬಟ್ಟೆಯೊಳಗೆ ಮೈಗೆ ಹತ್ತಿರವಾಗಿ ಇಟ್ಟುಕೊಳ್ಳಿ. ಯಾವ ಮಾತ್ರೆಯನ್ನೂ ಕುದುರೆಯ ಮೇಲಿನ ಗಂಟಿಗೆ ಹಾಕಬೇಡಿ.

ನಿಮ್ಮ ಕಾಯಿಲೆ, ಮಾತ್ರೆಗಳ ಹೆಸರು, ಒಗ್ಗದ ಔಷಧಿ, ಮನೆಯ ಫೋನ್ ನಂಬರು ಇವನ್ನು ಒಂದು ಚೀಟಿಯಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಸಿಕೊಳ್ಳಿ. ಕನ್ನಡದ ಚೀಟಿ ಅಲ್ಲಿನ ವೈದ್ಯರಿಗೆ ಓದಲು ಬಾರದು. 'ಸಿರ್ ಮೇ ದರ್ದ್ ಹೈ', 'ಸಾಂಸ್ ನಹೀಂ ಆ ರಹೀ' ಎಂಬ ಎರಡು ಮಾತುಗಳನ್ನು ಹಿಂದಿ ಬಾರದ ಹಿರಿಯರಿಗೆ ಬಾಯಿಪಾಠ ಮಾಡಿಸಿ. ಮೊದಲನೆಯದು ತಲೆನೋವು, ಎರಡನೆಯದು ಉಸಿರು ಸಿಗುತ್ತಿಲ್ಲ ಎಂದು.

ಮಾತ್ರೆ, ಡಬ್ಬಿ, ಕರ್ಪೂರ

ಅಸೆಟಜೋಲಮೈಡ್ ಎಂಬ ಮಾತ್ರೆ ದೇಹ ಒಗ್ಗಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ. ಡಯಾಮಾಕ್ಸ್ ಎಂದು ಮಾರುವುದು ಇದನ್ನೇ. ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ವೈದ್ಯರು ಸೂಚಿಸುತ್ತಾರೆ. ಆದರೆ ಪಕ್ಕದ ಮನೆಯವರು ಹೇಳಿದರೆಂದು ಅಂಗಡಿಯಲ್ಲಿ ಕೊಳ್ಳಬೇಡಿ. ಸಲ್ಫಾ ಔಷಧಿ ಒಗ್ಗದವರಿಗೂ, ಮೂತ್ರಪಿಂಡದ ತೊಂದರೆಯವರಿಗೂ ಅಪಾಯವಾಗಬಹುದು. ಬೆರಳು ಜುಮುಗುಡುವುದು, ಮೂತ್ರ ಹೆಚ್ಚುವುದು ಇದರ ಸಾಮಾನ್ಯ ಪರಿಣಾಮ. ಅದನ್ನು ನುಂಗಿದ ಮಾತ್ರಕ್ಕೆ ವಿಶ್ರಾಂತಿಯ ದಿನ ಬಿಡಬಹುದೆಂದು ಅರ್ಥವಲ್ಲ.

ದಾರಿಯಲ್ಲಿ ಮಾರುವ ಸಣ್ಣ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ. ಅದು ಇಳಿಯುವುದಕ್ಕೆ ಬದಲಿಯಲ್ಲ. ಕರವಸ್ತ್ರದಲ್ಲಿ ಕರ್ಪೂರ ಕಟ್ಟಿ ಮೂಸುವವರಿದ್ದಾರೆ. ವಾಸನೆಯಿಂದ ಮನಸ್ಸಿಗೆ ಹಾಯೆನಿಸಬಹುದು, ರಕ್ತಕ್ಕೆ ಆಮ್ಲಜನಕ ಸೇರದು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರನ್ನು ಒಯ್ಯಬಹುದು. ಆದರೆ ಅಲ್ಲಿ ತೊಂಬತ್ತಕ್ಕಿಂತ ಕಡಿಮೆ ಅಂಕಿ ಬಂದರೂ ಆರೋಗ್ಯವಾಗಿರುವವರುಂಟು. ಅಂಕಿ ಚೆನ್ನಾಗಿದ್ದೂ ತಲೆನೋವಿದ್ದರೆ ನಂಬಬೇಕಾದ್ದು ತಲೆನೋವನ್ನೇ. ಮದ್ಯ, ಬೀಡಿ, ಸಿಗರೇಟು, ನಿದ್ದೆ ಮಾತ್ರೆಗಳನ್ನು ದೂರವಿಡಿ. ಬಿಸಿನೀರನ್ನು ಆಗಾಗ ಸ್ವಲ್ಪಸ್ವಲ್ಪ ಕುಡಿಯಿರಿ. ಹಸಿವಿಲ್ಲದಿದ್ದರೂ ಗಂಜಿ, ರಾಗಿ ಹುರಿಹಿಟ್ಟು, ಅವಲಕ್ಕಿಯಂಥ ಹಗುರ ಆಹಾರ ಹೊಟ್ಟೆಗೆ ಬೀಳಲಿ.

ಚಳಿಯನ್ನು ಹಗುರವಾಗಿ ಕಾಣಬೇಡಿ

2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡ ನಾಲ್ಕು ಸಾವಿರ ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಹಲವರು ಬೆಟ್ಟದ ಅನುಭವವಿದ್ದವರೇ. ಗಾಳಿ, ತೇವ, ದಣಿವು ಮೂರೂ ಕೂಡಿದರೆ ದೇಹದ ಕಾವು ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ.

ನೆನೆದ ಹತ್ತಿಯ ಸೀರೆ, ಪಂಚೆ ಮೈಯ ಕಾವನ್ನು ಹೀರುತ್ತವೆ. ಮಡಿಯೆಂದು ಒದ್ದೆ ಬಟ್ಟೆಯಲ್ಲೇ ಸಾಲಿನಲ್ಲಿ ನಿಲ್ಲಬೇಡಿ; ಕೂಡಲೇ ಒಣ ಉಣ್ಣೆ ಬಟ್ಟೆಗೆ ಬದಲಾಯಿಸಿ. ಮಳೆಯಂಗಿ, ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕಾಲುಚೀಲ, ಕಪ್ಪು ಕನ್ನಡಕ ಇರಲಿ. ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿ ತೂಕಡಿಸತೊಡಗಿದರೆ ಅದು ಸುಧಾರಣೆಯಲ್ಲ, ಪ್ರಾಣಾಪಾಯದ ಗುರುತು.

ಮನೆಯಲ್ಲೇ ಆಗಬೇಕಾದ ಮಾತು

ಇಷ್ಟೆಲ್ಲ ತಿಳಿದಿದ್ದರೂ ಅನೇಕ ಸಲ ಅನಾಹುತವಾಗುವುದು ಒಂದು ಮೌನದಿಂದ. ಅಮ್ಮನಿಗೆ ರಾತ್ರಿಯಿಂದ ತಲೆ ಸಿಡಿಯುತ್ತಿರುತ್ತದೆ. 'ನನ್ನಿಂದ ಎಲ್ಲರ ದರ್ಶನ ಯಾಕೆ ಕೆಡಬೇಕು' ಎಂದು ಬಾಯಿ ಬಿಡುವುದಿಲ್ಲ. 'ಇಷ್ಟು ದೂರ ಬಂದು, ಇಷ್ಟು ಖರ್ಚು ಮಾಡಿ, ಇನ್ನು ಎರಡೇ ಕಿಲೋಮೀಟರು' ಎಂದು ಅಪ್ಪ ಹಲ್ಲು ಕಚ್ಚಿ ನಡೆಯುತ್ತಾರೆ. ಬಸ್ಸಿನವರು ಕಾಯುವುದಿಲ್ಲವೆಂಬ ಹೆದರಿಕೆ ಬೇರೆ.

ಈ ಮೌನವನ್ನು ಮುರಿಯಬೇಕಾದ್ದು ಬೆಟ್ಟದ ಮೇಲಲ್ಲ, ಹೊರಡುವ ಮೊದಲು ಮನೆಯ ಪಡಸಾಲೆಯಲ್ಲಿ. ಎಲ್ಲರೂ ಕೂತು ಮೂರು ಮಾತು ಒಪ್ಪಿಕೊಳ್ಳಿ. ತಲೆನೋವನ್ನು ಯಾರೂ ಮುಚ್ಚಿಡಬಾರದು. ತಲೆನೋವಿದ್ದವರು ಮೇಲಕ್ಕೆ ಹೋಗಬಾರದು. ಯಾರೊಬ್ಬರು ಇಳಿಯಬೇಕಾದರೂ ಒಬ್ಬರೇ ಇಳಿಯಬಾರದು. ಜೊತೆಗೆ ಇಳಿಯುವವರು ಯಾರೆಂಬುದು ಈಗಲೇ ನಿಶ್ಚಯವಾಗಲಿ. 'ಅಮ್ಮ, ನೀನು ಬೇಡ ಅಂದ ಕಡೆಯಿಂದ ನಾನು ನಿನ್ನ ಜೊತೆ ವಾಪಸು ಬರ್ತೀನಿ' ಎಂದು ಮಗನೋ ಮಗಳೋ ಮೊದಲೇ ಹೇಳಿದ್ದರೆ, ಆ ರಾತ್ರಿ ಅಮ್ಮ ಬಾಯಿ ಬಿಡುತ್ತಾಳೆ.

ಪರೀಕ್ಷೆಯಲ್ಲಿ ವೈದ್ಯರು 'ಬೇಡ' ಎಂದರೆ ಬೇಸರ ಸಹಜ. ಅಂಥ ಹಿರಿಯರಿಗೆ ತಗ್ಗಿನಲ್ಲಿರುವ ಹರಿದ್ವಾರ, ಕಾಶಿಗಳ ಯಾತ್ರೆ ಸಾಧ್ಯವೇ ಎಂದು ಅದೇ ವೈದ್ಯರನ್ನು ಕೇಳಿ. ಅದೂ ಆಗದಿದ್ದರೆ ಹಾಲುರಾಮೇಶ್ವರದ ಕೊಳ ಇದ್ದೇ ಇದೆ; ಗಂಗೆ ಭಕ್ತರ ಬಳಿಗೇ ಬಂದಿದ್ದಾಳೆಂದು ನಂಬಿದ ಊರು ಅದು. ಹೋಗಬಲ್ಲವರು ಅವಶ್ಯ ಹೋಗಿ. ದುಡ್ಡನ್ನು ಕೂಡಿಸಿಟ್ಟಂತೆಯೇ ನಾಲ್ಕು ದಿನಗಳನ್ನೂ ಕೂಡಿಸಿಟ್ಟುಕೊಂಡು ಹೋಗಿ.